ಮಾವನನ್ನು ಕಂಡರೆ ಕೆಂಪಾಗುವ ಯಂತ್ರ

ಅಂಗಡಿಗೆ ಹೋಗಿ ಗಾಳಿಯ ಸ್ಯಾಂಪಲ್ ಕೇಳಿದ ಮನುಷ್ಯರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರ ಪಕ್ಕದಲ್ಲೇ, ಬೇರೆ ದಾರಿ ಇಲ್ಲದೆ, ಕೈಚೀಲ ಹಿಡಿದು ನಿಂತಿದ್ದೆ. ಯಾಕೆಂದರೆ ಅವರು ನನ್ನ ಸೋದರಮಾವ. ಹೆಸರು ಮಾತ್ರ ಕೇಳಬೇಡಿ. ಅವರ ಬಗ್ಗೆ ಬರೆಯುತ್ತಿದ್ದೇನೆಂದು ಗೊತ್ತಾದರೆ, ಅಚ್ಚಾಗುವ ಮೊದಲು ಒಂದು ಪುಟ ಸ್ಯಾಂಪಲ್ ಕಳಿಸು ಅನ್ನುತ್ತಾರೆ.

ಮಾವ ಗಂಗಾವತಿಯ ಗಂಜಿನಲ್ಲಿ, ಅಂದರೆ ಕಾಳುಕಡಿಯ ಮಾರುಕಟ್ಟೆಯಲ್ಲಿ, ಭತ್ತದ ದಲಾಲರು. ಬೆಳಿಗ್ಗೆ ಹೋದರೆ ಸಂಜೆವರೆಗೆ ಚೀಲಗಳ ನಡುವೆಯೇ ಅವರ ವಾಸ. ಚೀಲಕ್ಕೆ ಮೊನೆಯ ಕೊಳವೆ ಚುಚ್ಚಿ ಒಂದು ಹಿಡಿ ಭತ್ತ ಅಂಗೈಗೆ ಸುರುವಿಕೊಳ್ಳುವುದು, ಉಫ್ ಎಂದು ಊದಿ ಜೊಳ್ಳು ಹಾರಿಸುವುದು, ಒಂದು ಕಾಳು ಕಡಿಯುವುದು, ಕಣ್ಣು ಮುಚ್ಚಿ ತೀರ್ಪು ಕೊಡುವುದು: "ಹಸಿ ಐತಿ. ಇನ್ನೆರಡು ದಿನ ಬಿಸಲಿಗೆ ಹಾಕ್ರಿ." ಮರಳಿ ಊರಿನ ಭತ್ತ ಯಾವುದು, ಸಿದ್ದಾಪುರದ್ದು ಯಾವುದು, ಶ್ರೀರಾಮನಗರದ್ದು ಯಾವುದು ಎಂದು ಮೂಸಿಯೇ ಹೇಳುತ್ತಾರಂತೆ. ಹೇಳಲಿ ಬಿಡಿ, ಅದು ಅವರ ಕಸುಬು. ತಾಪತ್ರಯ ಏನೆಂದರೆ, ಈ ಲೋಕದಲ್ಲಿ ಭತ್ತವಲ್ಲದ ಪದಾರ್ಥವೂ ಇದೆ ಎನ್ನುವುದನ್ನು ಅವರು ಇನ್ನೂ ಒಪ್ಪಿಕೊಂಡಿಲ್ಲ.

ನನ್ನ ಮದುವೆಗೆ ಅಡುಗೆಯವರನ್ನು ಗೊತ್ತು ಮಾಡುವ ಜವಾಬ್ದಾರಿ ಅವರದಾಗಿತ್ತು. ಬಂದ ಅಡುಗೆಯವರಿಗೆಲ್ಲ ಒಂದೊಂದು ದಿನ ಒಪ್ಪಿಸಿ, ಮನೆಯ ಐದು ಜನಕ್ಕೆ ಪೂರ್ತಿ ಮದುವೆ ಊಟ ಮಾಡಿಸಿದರು. ಆರು ದಿನ, ಆರು ಅಡುಗೆಯವರು. ಏಳನೆಯ ದಿನ ಬೂಂದಿ ಲಾಡು ಕಂಡರೆ ಮದುಮಗಳಿಗೆ ಹೊಟ್ಟೆ ತೊಳಸುತ್ತಿತ್ತು. ನನ್ನ ಮದುವೆಯಲ್ಲಿ ನಾನು ಉಂಡದ್ದು ಮೊಸರನ್ನ.

ಕೊಪ್ಪಳದ ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಟೀಚರ್ ಕೆಲಸ ಸಿಕ್ಕಾಗಲೂ ಅಷ್ಟೇ. ನನಗಿಂತ ಮೊದಲು ಅವರು ಹೋಗಿ ಹಿಂದಿನ ಬೆಂಚಿನಲ್ಲಿ ಅರ್ಧ ದಿನ ಕೂತು ಬಂದರು. ಯಾರೋ ದೊಡ್ಡ ಸಾಹೇಬರು ತಪಾಸಣೆಗೆ ಬಂದಿದ್ದಾರೆಂದು ತಿಳಿದು ಹೆಡ್ ಮಾಸ್ತರರು ಚಹಾ ತರಿಸಿದರಂತೆ. ಮಾವ ಗೇಟಿನ ಹೊರಗೆ ನಿಂತು ಫೋನ್ ಮಾಡಿದರು. "ಸಾಲಿ ಛಲೋ ಐತಿ, ಹೋಗವ್ವ. ಚಾದಾಗ ಸಕ್ರಿ ಒಂದೀಟು ಹೆಚ್ಚಾತು."

ಇಂಥವರ ಮನೆಗೆ ಗಾಳಿ ಸೋಸುವ ಯಂತ್ರ ತರುವ ಮಾತು ಬಂದದ್ದು ನಮ್ಮ ಅತ್ತೆಯ ಸಲುವಾಗಿ. ಅತ್ತೆ, ಅಂದರೆ ಮಾವನ ಹೆಂಡತಿ. ಕೆಲವು ವರ್ಷಗಳಿಂದ ಅವಳಿಗೆ ಉಬ್ಬಸ. ಸುಗ್ಗಿ ಮುಗಿದು ಊರ ಗಿರಣಿಗಳೆಲ್ಲ ಬಿಡುವಿಲ್ಲದೆ ಓಡುವ ದಿನಗಳಲ್ಲಿ ಅಡುಗೆಮನೆಯಿಂದ ಪಡಸಾಲೆಗೆ ಬರುವಷ್ಟರಲ್ಲಿ ಎರಡು ಸಲ ಗೋಡೆ ಹಿಡಿದು ನಿಲ್ಲುತ್ತಾಳೆ. ಈ ವರ್ಷ ಎರಡು ಬಾರಿ ಆಸ್ಪತ್ರೆಗೆ ಸೇರಿಸಿ ಆಕ್ಸಿಜನ್ ಹಚ್ಚಬೇಕಾಯಿತು. ಎರಡನೆಯ ಸಲ ಮನೆಗೆ ಕಳಿಸುವಾಗ ಡಾಕ್ಟರು ಮಾವನನ್ನು ಪಕ್ಕಕ್ಕೆ ಕರೆದು, ಇನ್ನೊಮ್ಮೆ ಹೀಗೇ ಬಂದರೆ ತಮ್ಮ ಕೈಯಲ್ಲಿ ಇರುವುದಿಲ್ಲ ಎಂದರು. ಮನೆಯಲ್ಲಿ ಧೂಳು ಕೂಡದು, ಸಾಧ್ಯವಾದರೆ ಆಕೆಯ ಕೋಣೆಗೆ ಒಂದು ಏರ್ ಪ್ಯೂರಿಫೈಯರ್ ಇಡಿ ಎಂದರು. ಮಾವ ಅವತ್ತು ಊಟ ಮಾಡಲಿಲ್ಲ.

ಮಾರನೆಯ ದಿನ ಊಟವನ್ನೂ ಮಾಡಿದರು, ನನಗೆ ಫೋನನ್ನೂ ಮಾಡಿದರು. ಅಲ್ಲಿಗೆ ನನ್ನ ನೆಮ್ಮದಿ ಮುಗಿಯಿತು.

"ನೀ ಸೈನ್ಸ್ ಟೀಚರ್ ಅಲ್ಲೇನು? ಗಾಳಿ ನಿಮ್ಮ ಪಾಠದಾಗ ಬರ್ತೈತಿ. ಛಲೋ ಮಷಿನ್ನು ಯಾವುದೈತಿ ನೋಡಿ ಹೇಳು."

ಪರೀಕ್ಷೆಯ ಉತ್ತರ ಪತ್ರಿಕೆ ಬದಿಗಿಟ್ಟು ನಾನು ನೋಡಿದೆ. ಮೊಬೈಲಿನಲ್ಲಿ ನೋಡಿದೆ, ಕಣ್ಣು ಉರಿಯುವವರೆಗೆ ನೋಡಿದೆ. ಸಾದಾದು ಒಂದಿತ್ತು, ಹೆಚ್ಚು ಬೆಲೆಯ ಭಾರಿಯದು ಒಂದಿತ್ತು. ಭಾರಿಯದೇ ಒಳ್ಳೆಯದು ಎಂದು ಹೇಳಿದೆ. ಹೇಳಬಾರದಿತ್ತು.

"ಎರಡಕ್ಕೂ ಏನು ಫರಕು?"

"ಭಾರಿದು ಇನ್ನೂ ಸಣ್ಣ ಧೂಳು ಹಿಡಿತೈತ್ರಿ ಮಾವ. ಕಣ್ಣಿಗೆ ಕಾಣಲಾರದಂಥದ್ದು."

"ಕಣ್ಣಿಗೆ ಕಾಣಲಾರದ್ದನ್ನ ಹಿಡದೈತಿ ಅಂತ ನಾ ಹೆಂಗ ನಂಬ್ಲಿ?"

ಇಷ್ಟು ವರ್ಷ ಪಾಠ ಮಾಡಿದ್ದೇನೆ, ಯಾವ ವಿದ್ಯಾರ್ಥಿಯೂ ನನ್ನ ಬಾಯಿ ಹೀಗೆ ಮುಚ್ಚಿಸಿರಲಿಲ್ಲ. ಸುಮ್ಮನೆ ಶನಿವಾರ ಮಧ್ಯಾಹ್ನ ಗಂಗಾವತಿಯ ಬಸ್ಸು ಹತ್ತಿದೆ.

ಯಂತ್ರ ಮಾರುವ ಅಂಗಡಿಯವರು ಮರ್ಯಾದಸ್ಥರು. ಯಂತ್ರ ಚಾಲೂ ಮಾಡಿ, "ಸಾವ್ಕಾರ್ರ, ಇದು ಖೋಲ್ಯಾಗಿನ ಗಾಳಿ ಎಲ್ಲಾ ತಾಸಿಗೆ ಐದು ಸಲ ಸೋಸ್ತೈತಿ" ಎಂದರು.

"ಸೋಸಿದ್ದು ಎಲ್ಲೈತಿ? ತೋರಸ್ರಿ" ಎಂದರು ಮಾವ.

"ಗಾಳಿ ಹೆಂಗ ತೋರಸ್ಲಿ?"

"ಸ್ಯಾಂಪಲ್ ಇಲ್ದ ಮಾಲು ಮಾರ್ತೀರೇನು ನೀವು?"

ಅಂಗಡಿಯವರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಟಿವಿಗಳನ್ನು ನೋಡಿದೆ. ಅಷ್ಟರಲ್ಲಿ ಮಾವ ಬಗ್ಗಿ, ಯಂತ್ರದಿಂದ ಗಾಳಿ ಬರುವ ಕಡೆ ಮುಖವಿಟ್ಟು, ಬಾಯಿ ಅಗಲಿಸಿ ಒಂದು ತುತ್ತು ಗಾಳಿ ಒಳಗೆ ಬಿಟ್ಟುಕೊಂಡು, ಬಾಯಿ ಮುಚ್ಚಿ, ಎರಡು ಸಲ ಜಗಿದರು. ಮಿಕ್ಸರ್ ಕೊಳ್ಳಲು ಬಂದಿದ್ದ ದಂಪತಿ ಅದನ್ನು ಬಿಟ್ಟು ನಮ್ಮ ಕಡೆ ಬಂದು ನಿಂತರು. ಮಾವ ಕಣ್ಣು ಮುಚ್ಚಿ ತೀರ್ಪು ಕೊಟ್ಟರು.

"ಹಸಿ ಐತಿ."

"ಅದು ಏಸಿ ಗಾಳಿರಿ ಮಾವ" ಎಂದೆ.

"ಅದನ್ನ ನಾ ಅನ್ನೂದು. ಅಂಗಡ್ಯಾಗಿನ ಗಾಳಿ ಸೋಸಿ ನನಗೇನಾಗ್ಬೇಕು? ನಮ್ಮನಿ ಗಾಳಿ ಸೋಸ್ಲಿ, ಆವಾಗ ಮಾತಾಡೂಣು."

ಹೀಗೆ ಪ್ರದರ್ಶನಕ್ಕೆ ಇಟ್ಟಿದ್ದ ಭಾರಿ ಯಂತ್ರ ಎಂಟು ದಿನದ ಮಟ್ಟಿಗೆ ನಮ್ಮ ಆಟೋ ಏರಿತು. ಅಂಗಡಿಯವರು ಕೊಟ್ಟದ್ದು ವ್ಯಾಪಾರ ಆದೀತೆಂದಲ್ಲ, ನಾವು ಹೊರಗೆ ಹೋದರೆ ಸಾಕೆಂದು. ಅವರ ಜಾಗದಲ್ಲಿ ನಾನಿದ್ದರೆ ಫ್ರಿಜ್ಜನ್ನೂ ಕೊಟ್ಟು ಕಳಿಸುತ್ತಿದ್ದೆ.

ಯಂತ್ರವನ್ನು ಅತ್ತೆಯ ಕೋಣೆಯಲ್ಲಿಟ್ಟೆವು. ಅದರ ಹಣೆಯ ಮೇಲೊಂದು ದೀಪ. ಹಸಿರು ಇದ್ದರೆ ಗಾಳಿ ಚೊಕ್ಕ, ಹಳದಿಯಾದರೆ ಸುಮಾರು, ಕೆಂಪಾದರೆ ಕೆಟ್ಟಿದೆ ಎಂದರ್ಥ. ಕೆಂಪಾದಾಗ ಒಳಗಿನ ಫ್ಯಾನು ಗುಂಯ್ ಎಂದು ಜೋರಾಗಿ ತಿರುಗತೊಡಗುತ್ತದೆ. ಇಷ್ಟನ್ನು ಹೇಳಿಕೊಟ್ಟು ಭಾನುವಾರ ನಾನು ಕೊಪ್ಪಳಕ್ಕೆ ಮರಳಿದೆ, ಸೋಮವಾರದಿಂದ ಒಂದಿಷ್ಟು ಸುಖವಾಗಿ ಇರಬಹುದು ಎಂದುಕೊಂಡೆ.

ಸೋಮವಾರ ಸಂಜೆಯೇ ಫೋನು.

"ಮಷಿನ್ನು ಕೆಟ್ಟೈತಿ. ಮುಂಜಾನಿಂದ ಹಸರ ಇತ್ತಂತ. ನಾ ಒಳಗ ಕಾಲಿಟ್ಟೆ, ಕೆಂಪಗಾತು."

ಮಾವ ಸಂಜೆ ಗಂಜಿನಿಂದ ಬಂದವರೇ ಕಾಲು ಸಹ ತೊಳೆಯದೆ ನೆಟ್ಟಗೆ ಅತ್ತೆಯ ಕೋಣೆಗೆ ಹೋಗುತ್ತಾರೆ. ಅವಳ ಮಂಚದ ತುದಿಗೆ ಕೂತು, "ಹೆಂಗೈತಿ ಉಸಿರು?" ಎಂದು ಕೇಳುತ್ತಾರೆ. ಕೇಳಿದ ಮೇಲೆಯೇ ಅವರಿಗೆ ಚಹಾ. ಅವಳಿಗೆ ಉಬ್ಬಸ ಶುರುವಾದಾಗಿನಿಂದ ಇದು ಒಂದು ದಿನವೂ ತಪ್ಪಿಲ್ಲ. ಇಂಥ ಗಂಡನನ್ನು ಕಂಡು ಯಂತ್ರ ಕೆಂಪಾಯಿತೆಂದರೆ ಅವಮಾನವಲ್ಲವೇ?

ಮಂಗಳವಾರ ಗಂಜಿನಿಂದ ಬಂದವರೇ ಮಾವ ಯಂತ್ರವನ್ನು ಪರೀಕ್ಷೆಗೆ ಹಚ್ಚಿದರು. ಪಕ್ಕದ ಮನೆಯ ಗೌಡಸಾನಿಯನ್ನು ಕರೆದು ಕೋಣೆಯೊಳಗೆ ಓಡಾಡಿಸಿದರು. ಹಸಿರು. ಹಾಲು ಹಾಕುವವಳನ್ನು ತಂಬಿಗೆ ಸಮೇತ ನಿಲ್ಲಿಸಿದರು. ಹಸಿರು. ತಾವು ಹೋದರು. ಕೆಂಪು! ಹೊರಗೆ ಬಂದು, ಯಂತ್ರಕ್ಕೆ ತಮ್ಮ ಗುರುತು ಸಿಗದಿರಲಿ ಎಂದು ಬೆನ್ನು ಮುಂದೆ ಮಾಡಿ ಹಿಂದಿಂದಕ್ಕೆ ಹೆಜ್ಜೆ ಹಾಕುತ್ತ ಒಳಗೆ ಹೋದರು. ಆಗಲೂ ಕೆಂಪೇ. ಅತ್ತೆ ನಕ್ಕು ನಕ್ಕು ಕೆಮ್ಮಿದಳಂತೆ, ಕೆಮ್ಮಿ ಸುಸ್ತಾಗಿ ಮಲಗಿದಳಂತೆ. ಮಾವ ಅಂಗಡಿಗೆ ಫೋನ್ ಹಚ್ಚಿ, "ನಿಮ್ಮ ಮಷಿನ್ನಿಗೆ ಹಿರ್ಯಾರು ಕಿರ್ಯಾರು ಅಂಬೂದು ಗೊತ್ತಿಲ್ಲ" ಎಂದು ತಕರಾರು ಮಾಡಿದರು. ಅಂಗಡಿಯವರು ನನಗೆ ಫೋನ್ ಹಚ್ಚಿದರು. ನಾನು ಯಾರಿಗೆ ಹಚ್ಚಲಿ ಹೇಳಿ?

ಬುಧವಾರ ಮೂರು ಸಲ, ಗುರುವಾರ ಐದು ಸಲ ಫೋನು ಬಂತು. ತರಗತಿಯಲ್ಲಿ ಉಸಿರಾಟದ ಪಾಠ ಮಾಡುತ್ತಿದ್ದೆ, ಮೇಜಿನ ಮೇಲೆ ಫೋನು ನಡುಗುತ್ತಿತ್ತು. ಶುಕ್ರವಾರದ ಹೊತ್ತಿಗೆ ಮಾವ ತೀರ್ಮಾನಕ್ಕೆ ಬಂದಿದ್ದರು: ಭಾರಿ ಯಂತ್ರ ಬೇಡ, ಸಾದಾ ಯಂತ್ರವೂ ಬೇಡ, ಎರಡೂ ಸುಳ್ಳು, ಸೋಮವಾರ ಹಿಂದಕ್ಕೆ ಕೊಟ್ಟುಬಿಡುವುದು. "ಅತ್ತೆಗೆ ಹಗಲೊತ್ತಿನ್ಯಾಗ ಆರಾಮ ಐತೋ ಇಲ್ಲೋ?" ಎಂದು ಕೇಳಿದೆ. "ಹಗಲೊತ್ತಿನ್ಯಾಗ ಆರಾಮ ಅದಾಳ. ಸಂಜಿಕಿಗೆ ಮತ್ತ ಅದ ಕೆಮ್ಮು. ಅದಕ್ಕ ನಾ ಹೇಳೂದು, ಅರ್ಧ ದಿನ ದುಡಿಯೂ ಮಷಿನ್ನಿಗೆ ಪೂರ್ತಿ ರೊಕ್ಕ ಯಾಕ ಕೊಡ್ಬೇಕು?"

ವಿಜ್ಞಾನ ಟೀಚರಿಗೆ ಆಗಲೇ ತಿಳಿಯಬೇಕಿತ್ತು. ತಿಳಿಯಲಿಲ್ಲ. ದಣಿದಿದ್ದೆ, ಅಷ್ಟೇ.

ಶನಿವಾರ ಮತ್ತೆ ಅದೇ ಬಸ್ಸು. ಭಾನುವಾರ ಗಂಜಿಗೆ ರಜೆ. ಮಾವ ಸ್ನಾನ ಮಾಡಿ, ಒಗೆದ ಧೋತರ ಬನಿಯನ್ನಿನಲ್ಲಿ ಯಂತ್ರದ ಎದುರಿಗೆ ಕುರ್ಚಿ ಹಾಕಿಕೊಂಡು ಕೂತರು. ಅರ್ಧ ತಾಸಾಯಿತು. ಹಸಿರು ಹಸಿರಾಗಿಯೇ ಇತ್ತು.

"ನೋಡಿದ್ಯಾ? ಹಿಂದಕ್ಕ ಒಯ್ತೀನಿ ಅಂದಕೂಡ್ಲೆ ಹಾದಿಗೆ ಬಂತು" ಎಂದು ಮಾವ ಮೀಸೆ ತಿರುವಿದರು.

ಅಷ್ಟರಲ್ಲಿ ಸಿದ್ದಾಪುರದ ರೈತರೊಬ್ಬರು ಹೊರಗೆ ನಿಂತು ಕರೆದರು. ಮಾವ ಎದ್ದು ಹೋಗಿ, ಪಡಸಾಲೆಯ ಗೂಟಕ್ಕೆ ತೂಗುಹಾಕಿದ್ದ ನಿನ್ನೆಯ ಅಂಗಿ ತೊಟ್ಟುಕೊಂಡು ಮಾತಾಡಿ ಕಳಿಸಿದರು. ಕನ್ನಡಕ ಮರೆತಿದ್ದೇನೆಂದು ಮತ್ತೆ ಒಳಗೆ ಬಂದರು.

ದೀಪ ಕೆಂಪಾಯಿತು. ಫ್ಯಾನು ಗುಂಯ್ ಎಂದಿತು. ಮಂಚದ ಮೇಲೆ ಅತ್ತೆ ಕೆಮ್ಮಿದಳು.

ಮಾವ ನಿಂತಲ್ಲೇ ನಿಂತರು. ನಂತರ ಸದ್ದಿಲ್ಲದೆ ಹೊರಗೆ ಹೋಗಿ ಅಂಗಿ ಬಿಚ್ಚಿಟ್ಟು ಬಂದರು. ನಾವು ಮೂವರೂ ದೀಪ ನೋಡುತ್ತ ಕೂತೆವು. ಸ್ವಲ್ಪ ಹೊತ್ತಿಗೆ ಹಳದಿ, ಆಮೇಲೆ ಹಸಿರು. ಅವರು ಮತ್ತೊಮ್ಮೆ ಹೋಗಿ ಅಂಗಿ ತೊಟ್ಟು ಬರಲಿಲ್ಲ. ಒಂದೇ ಸಲಕ್ಕೆ ಅವರು ಒಪ್ಪಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಯಂತ್ರದ ಮುಂದಿನ ಮುಚ್ಚಳ ತೆಗೆಯಲು ನನಗೆ ಹೇಳಿದರು. ಒಳಗಿನ ಬಿಳಿಯ ಫಿಲ್ಟರಿನ ಮೇಲೆ ಕಂದು ಬಣ್ಣದ ನುಣುಪು ಹಿಟ್ಟು ಕೂತಿತ್ತು. ಮಾವ ಅದನ್ನು ಬೆರಳಲ್ಲಿ ತೀಡಿ, ಅಂಗೈಗೆ ಹಾಕಿಕೊಂಡು ಮೂಗಿನ ಹತ್ತಿರ ಹಿಡಿದರು. ಮೂಸಿದರು. ಈ ಸಲ ಕಣ್ಣು ಮುಚ್ಚಲಿಲ್ಲ.

"ಇದು ಭತ್ತದ ಹೊಟ್ಟು. ನಮ್ಮ ಗಂಜಿನದು" ಎಂದರು. ಅಂಗೈ ನೋಡಿಕೊಳ್ಳುತ್ತ, "ನಾನ ತಂದೀನಿ" ಎಂದರು.

ನಾನು ಅವರನ್ನು ಎಷ್ಟೋ ಬಾರಿ ಬೈದುಕೊಂಡಿದ್ದೇನೆ, ಅವರ ಕಾಟಕ್ಕೆ ತಲೆ ಚಚ್ಚಿಕೊಂಡಿದ್ದೇನೆ. ಆ ಗಳಿಗೆಯಲ್ಲಿ ಮಾತ್ರ ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ.

ಮಾವ ಅತ್ತೆಯ ಕಡೆ ತಿರುಗಿದರು. "ನಿನಗ ಗೊತ್ತಿತ್ತೇನು?"

ಅತ್ತೆ ಸೆರಗಿನ ಅಂಚು ಸರಿ ಮಾಡಿಕೊಳ್ಳುತ್ತ ಕೂತಳು. ಅವಳಿಗೆ ಸುಳ್ಳು ಹೇಳುವುದು ಬರುವುದಿಲ್ಲ ಎಂದೇ ನಾನು ತಿಳಿದಿದ್ದೆ.

"ಗೊತ್ತಿತ್ರಿ. ಡಾಕ್ಟ್ರು ಮೊದಲನೇ ವರ್ಷನ ಕೇಳಿದ್ರು, ಮನ್ಯಾಗ ಯಾರರ ಧೂಳಿನ್ಯಾಗ ದುಡಿತಾರೇನವ್ವಾ ಅಂತ. ಯಾರೂ ಇಲ್ರಿ ಅಂದೆ."

"ಯಾಕ ಹಂಗ ಹೇಳ್ದಿ?"

"ಮದುವಿ ಆದಾಗಿಂದ ನೀವು ಗಂಜಿನಿಂದ ಬಂದು ಪಡಸಾಲ್ಯಾಗ ಮಂದಿ ಕೂಡ ಕುಂದರತಿದ್ರಿ. ನಾ ಎಲ್ಲಿದೀನಿ ಅಂತ ಒಂದಿನ ಕೇಳ್ಲಿಲ್ಲ. ಈ ಉಬ್ಬಸ ಬಂದ ಮ್ಯಾಲೆ ದಿನಾ ಸೀದಾ ನನ್ನ ಹತ್ರ ಬರಾಕ ಹತ್ತಿದ್ರಿ. ಹೊರಗ ನಿಂದರ್ರಿ ಅಂದ್ರ, ಮತ್ತ ಬರೂದನ್ನ ಬಿಟ್ಟೀರಿ ಅಂತ ಅಂಜಿದೆ."

ಮಾವ ಅಂಗೈಯಲ್ಲಿದ್ದ ಆ ಒಂದು ಚಿಟಿಕೆ ಹೊಟ್ಟನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಹಿಡಿದುಕೊಂಡೇ ಹಿತ್ತಲಿಗೆ ಹೋದರು. ಬಹಳ ಹೊತ್ತು ನೀರಿನ ಸದ್ದು ಕೇಳಿಸುತ್ತಿತ್ತು. ಅತ್ತೆ ನನ್ನ ಕಡೆ ನೋಡಿ, "ಹೇಳಬಾರದಿತ್ತೇನವ್ವಾ?" ಎಂದು ಕೇಳಿದಳು. ನನಗೆ ಅಳು ಬಂದಿತ್ತು, ಅವಳ ಪಕ್ಕಕ್ಕೆ ಹೋಗಿ ಕೂತೆ.

ಸೋಮವಾರ ಅಂಗಡಿಯವರು ಫೋನ್ ಮಾಡಿ, ನಿಮ್ಮ ಮಾವ ಬಂದು ಒಂದು ಮಾತೂ ಚೌಕಾಶಿ ಮಾಡದೆ ಭಾರಿ ಯಂತ್ರವನ್ನೇ ಕೊಂಡರು, ಅವರಿಗೆ ಮೈಯಲ್ಲಿ ಹುಷಾರಿದೆ ತಾನೇ ಎಂದು ಕಾಳಜಿಯಿಂದ ವಿಚಾರಿಸಿದರು. ಹುಷಾರಿದ್ದಾರೆ ಎಂದೆ. ಅಷ್ಟು ರೊಕ್ಕ ಕೊಟ್ಟದ್ದು ಸರಿಯೋ ತಪ್ಪೋ ಎಂದು ಕೇಳುವ ಶಕ್ತಿ ನನಗೆ ಉಳಿದಿರಲಿಲ್ಲ.

ಮುಂದಿನ ಶನಿವಾರ ಯಾರೂ ಕರೆಯದಿದ್ದರೂ ಗಂಗಾವತಿಗೆ ಹೋದೆ. ಸಂಜೆ ಅತ್ತೆಯ ಕೋಣೆಯಲ್ಲಿ ಅವಳ ಜೊತೆ ಕೂತಿದ್ದೆ. ಮಾವ ಗಂಜಿನಿಂದ ಬಂದ ಸದ್ದಾಯಿತು, ಆದರೆ ಒಳಗೆ ಬರಲಿಲ್ಲ. ಹಿತ್ತಲ ಬಚ್ಚಲಲ್ಲಿ ಬಕೆಟ್ಟಿನ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಮುಚ್ಚಿದ ಬಾಗಿಲಿನ ಆಚೆಗೆ ಯಾರೋ ಬಂದು ನಿಂತಂತಾಯಿತು. ಯಾರನ್ನೂ ಯಾವತ್ತೂ ಅಪ್ಪಣೆ ಕೇಳಿದವರಲ್ಲ ನಮ್ಮ ಮಾವ.

"ಬರ್ಲೇನು?" ಎಂದು ಕೇಳಿದರು.

ಅತ್ತೆ ಯಂತ್ರದ ಕಡೆ ನೋಡದೆಯೇ ಎದ್ದು ಬಾಗಿಲು ತೆಗೆದಳು. ಒಗೆದ ಅಂಗಿ ತೊಟ್ಟು, ತಲೆಯಿಂದ ನೀರಿಳಿಸಿಕೊಂಡು, ಮಾವ ಹೊಸ್ತಿಲಾಚೆ ನಿಂತಿದ್ದರು.

"ಬರ್ರಿ, ಇದೇನ್ ಕೇಳ್ತೀರಿ, ಎಷ್ಟೊತ್ತಿನಿಂದ ಹಾದಿ ನೋಡಾಕ ಹತ್ತೀನಿ, ಹಿಂಗ ಹಸಿ ತಲಿಲೆ ನಿಂತ್ರ ನಿಮಗ ನೆಗಡಿ ಆಗ್ತೈತಿ" ಎಂದು ಗದರುತ್ತ ಅತ್ತೆ ತನ್ನ ಸೆರಗಿನಿಂದಲೇ ಅವರ ತಲೆ ಒರೆಸತೊಡಗಿದಳು. ಮಾವ ಸುಮ್ಮನೆ ತಲೆ ಬಗ್ಗಿಸಿ ನಿಂತರು.