ನಾನಿಟ್ಟ ಎತ್ತರದ ಹೆಸರುಗಳು

ನಮ್ಮ ಅಡುಗೆಮನೆಯ ಗುಂಡಕಲ್ಲಿನ ಮೇಲೆ ಕೈಯಿಟ್ಟು ಆಣೆ ಮಾಡತೀನಿ, ಇದರಾಗ ಒಂದಕ್ಷರ ಸುಳ್ಳಿಲ್ಲ. ನಾನು ಯಾರ ಕೂಸಿಗೆ ಹೆಸರು ಕೊಟ್ಟರೂ ಏನಾದರೊಂದು ಆಗೇ ಆಗತೈತಿ. ಹೈದರಾಬಾದು ಆಂಧ್ರದ ರಾಜಧಾನಿಯಾಗಿದ್ದ ಕಾಲದಾಗ, ಅಲ್ಲಿನ ನಾಚಾರಂ ಕಡೆಯ ಕನ್ನಡ ಮಂದಿಗೆ ಕೂಸು ಹುಟ್ಟಿತೆಂದರೆ ಮೊದಲು ಡಾಕ್ಟರು, ಆಮೇಲೆ ನಾನು. ಆರಡಿ ಆಳು, ಸರ್ಕಾರಿ ನೌಕರಿ. ನನ್ನ ಹತ್ತಿರ ಎರಡೇ ನಮೂನೆ ಹೆಸರು: ಒಂದು ಎತ್ತರದ್ದು, ಇನ್ನೊಂದು ದೊಡ್ಡ ಪದವಿಯದು. ಸಾದಾ ಮಾಲು ಇಡತಿರಲಿಲ್ಲ.

೧. ಶಿಖರ

ಪಕ್ಕದ ಮನೆಯ ಫಿಟ್ಟರ್ ಕುಳ್ಳ, ಹೆಂಡತಿ ಇನ್ನೂ ಕುಳ್ಳಿ. "ಕಾಕಾ, ಹುಡುಗ ಉದ್ದ ಆಗಬೇಕ್ರಿ" ಅಂದರು. ‘ಶಿಖರ’ ಅಂತ ಕೊಟ್ಟೆ. ಹದಿನೆಂಟು ತುಂಬುವಷ್ಟರಲ್ಲಿ ಹುಡುಗನ ತಲೆ ಚೌಕಟ್ಟಿಗೆ ಬಡಿಯತೊಡಗಿತು. ಫಿಟ್ಟರ್ ಜಗಳಕ್ಕೇ ಬಂದ.

"ಯಾವ ಅಂಗಡ್ಯಾಗೂ ಪ್ಯಾಂಟ್ ಸಿಗವಲ್ದು. ಹೆಸರು ವಾಪಸ್ ತೊಗೊಳ್ರಿ!"

ಹಿಂದೆಯೇ ಹೆಂಡತಿ ಓಡಿ ಬಂದಳು. "ಬ್ಯಾಡ್ರಿ ಕಾಕಾ! ಜೇಡರಬಲಿ ತೆಗಿಯಾಕ ನಾ ಕಸಬರಗಿ ಎತ್ತಿ ಎರಡು ವರ್ಷ ಆತು. ಇವ ಮನಿಯೊಳಗ ಒಂದ ಸುತ್ತು ಹಾಕಿದ್ರ ಸಾಕು."

೨. ಚಕ್ರವರ್ತಿ

ನಮ್ಮ ಕಚೇರಿಯ ಜವಾನ ರಾಯಚೂರು ಕಡೆಯವ. ಅವನ ಮಗನಿಗೆ ‘ಚಕ್ರವರ್ತಿ’ ಅಂತಿಟ್ಟೆ. ಒಮ್ಮೆ ಅವರ ಮನೆಗೆ ಹೋದರೆ ಅಜ್ಜಿ ನಾಲ್ಕು ವರ್ಷದ ಮೊಮ್ಮಗನಿಗೆ, "ಚಕ್ರವರ್ತಿಯವರ, ಮೂಗು ಒರಸ್ಕೊಳ್ರಿ" ಅನ್ನಾಕತ್ತಿದ್ದಳು.

"ಇದೇನಬೇ, ಮೊಮ್ಮಗಗ ‘ರಿ’ ಹಚ್ಚತಿ?"

"ಅಂಥಾ ಹೆಸರಿಗೆ ಏಕವಚನ ಬಾಯಾಗ ಬರವಲ್ದಪ್ಪಾ."

"ಹಟ ಮಾಡಿದ್ರ?"

"ಮೊದಲ ಕೈ ಮುಗಿತೀನಿ. ಆಮ್ಯಾಲ ಹೊಡಿತೀನಿ."

೩. ರಾಜಾಧಿರಾಜ

ಊರ ಮಂದಿಗೆಲ್ಲ ಹೆಸರಿಟ್ಟ ನನಗೆ ನಮ್ಮ ಮನೆಯೊಳಗ ಮಾತ್ರ ಕಿಮ್ಮತ್ತಿಲ್ಲ. ಮಕ್ಕಳಿಗೆಲ್ಲ ಹೆಂಡತಿಯೇ ಹೆಸರಿಟ್ಟಳು. ಮೊಮ್ಮಗ ಹುಟ್ಟಿದಾಗಲೂ, "ರವಿ ಅಂತಿಡೂದು. ನೀವು ಬಾಯಿ ಹಾಕಬ್ಯಾಡ್ರಿ" ಅಂದಳು. ನಾನೋ ‘ರಾಜಾಧಿರಾಜ’ ಅಂತ ವರ್ಷಗಟ್ಟಲೆ ಕಾದಿರಿಸಿದ್ದೆ.

ನಮ್ಮಲ್ಲಿ ಕೂಸಿನ ಅತ್ತಿ, ಅಂದರೆ ನನ್ನ ಮಗಳು, ಕಿವಿಯಲ್ಲಿ ‘ಕುರ್ರ್’ ಅಂದು ಹೆಸರು ಹೇಳಬೇಕು. ಹೇಳುವವರ ಬೆನ್ನಿಗೆ ಹೆಂಗಸರೆಲ್ಲ ಗುದ್ದಬೇಕು. ಮೊದಲು ಕಿವಿಗೆ ಬಿದ್ದದ್ದೇ ಖಾಯಂ. ತೊಟ್ಟಿಲ ಹಾಡು ಶುರುವಾಯಿತು. ಮಗಳು ಇನ್ನೂ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ನಾನು ಸಂದಿಯಲ್ಲಿ ನುಗ್ಗಿದೆ, ಎತ್ತರಕ್ಕೆ ಕಟ್ಟಿದ್ದ ತೊಟ್ಟಿಲ ಅಂಚಿಗೆ ಬಾಯಿ ಹಚ್ಚಿದೆ: "ಕುರ್ರ್! ರಾಜಾಧಿರಾಜ!"

ಧಬಾಧಬ ಗುದ್ದು ಬಿದ್ದವು. ಎಲ್ಲಕ್ಕಿಂತ ಜೋರಿನವು ಹೆಂಡತಿಯವು. ಮೂವತ್ತು ವರ್ಷದ ಸಿಟ್ಟು ಅದರಾಗ ಇತ್ತು. ಬೆನ್ನು ಹಿಡಿದುಕೊಂಡೇ ಗರ್ಜಿಸಿದೆ: "ಮುಗೀತು! ಇನ್ನ ಯಾರೂ ಬದಲಿ ಮಾಡಂಗಿಲ್ಲ!"

"ಯಾರ್ ಬದಲಿ ಮಾಡ್ತಾರ್ರಿ?" ಅನ್ನುತ್ತ ಹೆಂಡತಿ ತೊಟ್ಟಿಲಿಗೆ ಕೈ ಹಾಕಿ, ಕುಂಚಿಗೆ ತೊಟ್ಟ ಗುಂಡಕಲ್ಲು ಎತ್ತಿ ತೋರಿಸಿದಳು. ಕೂಸಿಗಿಂತ ಮೊದಲು ಗುಂಡಕಲ್ಲು ಮಲಗಿಸುವ ಪದ್ಧತಿ ನಮ್ಮದು. ಅವಸರದಾಗ ನನಗೆ ನೆನಪೇ ಇರಲಿಲ್ಲ. ಕೂಸು ಸೊಸೆಯ ತೊಡೆಯ ಮೇಲೆ ಮಲಗಿತ್ತು. ಮಗಳು ನಿಧಾನಕ್ಕೆ ಬಗ್ಗಿ ಅದಕ್ಕೆ ‘ರವಿ’ ಅಂದಳು.

ಇವತ್ತಿಗೂ ನಮ್ಮ ಮನೆಯಾಗ, "ರಾಜಾಧಿರಾಜನ್ನ ತೊಳದ ಕೊಡ್ರಿ, ಚಟ್ನಿ ಅರೀಬೇಕು" ಅಂತಾರ. ಮೇಲೆ ಆಣೆ ಮಾಡಿದ್ದು ಅವನ ಮೇಲೇ. ಅದಕ್ಕೇ ಒಂದು ಸಣ್ಣ ಸುಳ್ಳು ಒಪ್ಪಿಕೊಂಡುಬಿಡತೀನಿ: ಆರಡಿ ಆಳು ಅಂದೆನಲ್ಲ, ಅದು. ಆರಡಿ ಇದ್ದಿದ್ದರ ತೊಟ್ಟಿಲೊಳಗ ಏನೈತಿ ಅಂತ ಕಾಣತಿರಲಿಲ್ಲೇನು?