ಉಳಿದ ಒಂಬತ್ತೂವರೆ ಕೆಜಿ

ನೀವೇ ನ್ಯಾಯ ಹೇಳಿ. ಅದೇ ಪಾರ್ಕು, ಅದೇ ಮೂರು ಕಿಲೋಮೀಟರು. ಇವರು ಕೈ ಬೀಸಿಕೊಂಡು, ಸಿಳ್ಳೆ ಹಾಕಿಕೊಂಡು ಓಡುತ್ತಾರೆ. ನಾನು ಮಗುವಿನ ತಳ್ಳುಗಾಡಿ, ಗಾಡಿಯೊಳಗೆ ಮಗು, ಗಾಡಿಯ ಹಿಡಿಗೆ ಹಾಲಿನ ಬಾಟಲಿ, ಒಣಬಟ್ಟೆ, ಒದ್ದೆಬಟ್ಟೆ, ದಾರಿಯಲ್ಲಿ ಜ್ವರ ಬಂದುಬಿಟ್ಟರೆ ಅಂತ ಥರ್ಮಾಮೀಟರು, ಇಷ್ಟನ್ನೂ ತಳ್ಳಿಕೊಂಡು ಓಡುತ್ತೇನೆ. ಕೊನೆಗೆ ಮಣಿಕಟ್ಟಿನ ಗಡಿಯಾರ ತೀರ್ಪು ಕೊಡುತ್ತದೆ: ಇವರು ಕರಗಿಸಿದ ಕ್ಯಾಲೊರಿ ಇನ್ನೂರ ನಾಲ್ಕು. ನನ್ನದು ನೂರೈವತ್ತಾರು!

ಬರೀ ಅಂಕಿಯ ವಿಷಯವಾಗಿದ್ದರೆ ಹಾಳಾಗಿ ಹೋಗಲಿ ಅಂತ ಬಿಡುತ್ತಿದ್ದೆ. ನಮ್ಮ ಗುಂಡ (ಹೆಸರಿಗೆ ಮಾತ್ರ ಗುಂಡ, ಮೈಯಲ್ಲಿ ಹಿಡಿ ಮಾಂಸವಿಲ್ಲ) ದಿನಾ ಬೆಳಗಿನ ಐದಕ್ಕೆ ಎದ್ದು ಲೋಕವನ್ನೇ ಎಬ್ಬಿಸುತ್ತಾನೆ. ಶನಿವಾರದ ಓಟದಲ್ಲಿ ಹೆಚ್ಚು ಕ್ಯಾಲೊರಿ ಕರಗಿಸಿದವರು ಭಾನುವಾರ ಒಂಬತ್ತರವರೆಗೆ ಮಲಗುವುದು, ಸೋತವರು ಗುಂಡನ ಜೊತೆ ಏಳುವುದು ಎಂದು ನಮ್ಮಿಬ್ಬರಲ್ಲಿ ಒಪ್ಪಂದ. ಒಂಬತ್ತರವರೆಗೆ ನಿದ್ದೆ! ಹೆತ್ತ ಮೇಲೆ ನಾನು ಆ ಸುಖವನ್ನು ಕಂಡಿದ್ದರೆ ಕೇಳಿ. ಮೂರು ಶನಿವಾರ ಓಡಿದೆ, ಮೂರು ಭಾನುವಾರ ಐದಕ್ಕೇ ಎದ್ದೆ.

"ರೀ, ಈ ಗಡಿಯಾರ ಕೆಟ್ಟಿದೆ."

"ನನ್ನದು ಚೆನ್ನಾಗೇ ಇದೆಯಲ್ಲ."

"ಗಾಡಿ ತಳ್ಳಿದ್ದು ನಾನು!"

"ಅದು ಗಡಿಯಾರಕ್ಕೆ ಹೇಗೆ ಗೊತ್ತಾಗ್ಬೇಕು ಹೇಳು? ಮೇಲಾಗಿ ಗಾಡಿ ಹಿಡಕೊಂಡ್ರೆ ಆಸರೆ ಅಲ್ವಾ?"

ಆಸರೆಯಂತೆ! ಆ ಮಾತಿಗೆ ನನ್ನ ರಕ್ತ ಕುದಿದದ್ದಕ್ಕೇ ಐವತ್ತು ಕ್ಯಾಲೊರಿ ಖರ್ಚಾಗಿರಬೇಕು. ಅದನ್ನೂ ಯಾರೂ ಲೆಕ್ಕ ಹಿಡಿಯಲಿಲ್ಲ.

ಈ ಗಡಿಯಾರಗಳನ್ನು ಕೊಡಿಸಿದವರು ನಮ್ಮತ್ತೆ. ಎರಡು ಬೀದಿ ಆಚೆ ಇದ್ದಾರೆ. ಬೆಳಗಿನ ಜಾವ ಅವರು ವಾಕಿಂಗ್ ಹೊರಟರೆ ಬೀದಿನಾಯಿಗಳೂ ಎದ್ದು ದಾರಿ ಬಿಡುತ್ತವೆ. ತಮಗೊಂದು, ಮಗನಿಗೊಂದು, ನನಗೊಂದು ಗಡಿಯಾರ ತಂದು, ಮೂವರನ್ನೂ ಆ್ಯಪ್‌ನ ಒಂದೇ 'ಕುಟುಂಬ'ಕ್ಕೆ ಸೇರಿಸಿ, "ಒಬ್ಬರದು ಒಬ್ಬರಿಗೆ ಗೊತ್ತಿರಲಿ" ಅಂದಿದ್ದರು. (ಆ ಮಾತಿನ ಆಳ ಆಗ ನನಗೆ ತಿಳಿಯಲಿಲ್ಲ.)

ನಾಲ್ಕನೇ ಶುಕ್ರವಾರ ಗುಂಡನನ್ನು ಮಲಗಿಸಿ, ಆ ಆ್ಯಪ್‌ನ ಮೂಲೆ ಮೂಲೆ ಜಾಲಾಡಿದೆ. ಸಿಕ್ಕಿತು ರಹಸ್ಯ! ಕ್ಯಾಲೊರಿ ಲೆಕ್ಕ ಹಾಕುವುದು ಬೆವರು ನೋಡಿ ಅಲ್ಲ, ಏದುಸಿರು ನೋಡಿ ಅಲ್ಲ; ತೂಕ ನೋಡಿ. ಭಾರ ಹೆಚ್ಚಿದ್ದವರು ಅಷ್ಟೇ ದೂರ ಓಡಿದರೂ ಹೆಚ್ಚು ಕರಗಿಸುತ್ತಾರೆ. ಇವರ ತೂಕ ಅರವತ್ತೆಂಟು. ನನ್ನದು ಐವತ್ತೆರಡು. ಅಂದರೆ, ಗಡಿಯಾರ ಕಟ್ಟಿಕೊಂಡ ದಿನ ಅತ್ತೆಯವರ ಎದುರು ನಾನು ಬರೆಸಿದ್ದು ಐವತ್ತೆರಡು. ಅದು ನನ್ನ ಮದುವೆಯ ಕಾಲದ ತೂಕ. ಹುಟ್ಟಿದ ಊರು ಯಾವುದೆಂದು ಕೇಳಿದರೆ ಹೆಣ್ಣುಮಕ್ಕಳು ಉತ್ತರ ಬದಲಿಸುತ್ತಾರೆಯೇ? ಹಾಗೇ ಇದೂ ಅಂತ ಇಟ್ಟುಕೊಂಡಿದ್ದೆ.

ಈಗ ನ್ಯಾಯವಾದ ಪ್ರಶ್ನೆ. ಪಾರ್ಕಿನಲ್ಲಿ ಓಡುವ ಭಾರ ಯಾವುದು? ನಾನೊಬ್ಬಳೇ ಅಲ್ಲ, ನಾನು ಮತ್ತು ಗುಂಡ. ಗುಂಡನ ತೂಕ ನೋಡಲೆಂದೇ ತಂದ ಯಂತ್ರ ಬಚ್ಚಲುಮನೆಯ ಬಾಗಿಲಲ್ಲಿ ಇತ್ತು. ಮಲಗಿದ್ದ ಮಗುವನ್ನು ಮೆಲ್ಲಗೆ ಎತ್ತಿಕೊಂಡು, ಉಸಿರು ಬಿಗಿಹಿಡಿದು ಹತ್ತಿದೆ. ಎಪ್ಪತ್ತೆರಡು! ಆ್ಯಪ್‌ನಲ್ಲಿ ಐವತ್ತೆರಡನ್ನು ಅಳಿಸಿ ಎಪ್ಪತ್ತೆರಡು ಒತ್ತಿದೆ. ಇದರಲ್ಲಿ ಮೋಸವೆಲ್ಲಿದೆ, ಹೇಳಿ?

ಶನಿವಾರ ಓಡಿದೆವು. ಇವರದು ಎಂದಿನಂತೆ ಇನ್ನೂರ ನಾಲ್ಕು. ನನ್ನದು ಇನ್ನೂರ ಹದಿನಾರು.

"ಇದು ಹೇಗಾಯ್ತೇ?" ಇವರು ತಮ್ಮ ಗಡಿಯಾರವನ್ನು ಬಡಿದು ಬಡಿದು ನೋಡಿದರು.

"ಸಾಧನೆ ಕಣ್ರೀ," ಅಂದೆ, ಗಾಡಿ ತಿರುಗಿಸುತ್ತಾ.

ಭಾನುವಾರ ಗುಂಡ ಐದಕ್ಕೆ ಕೂಗಿದ. ಇವರು ಗೊಣಗುತ್ತಾ ಎದ್ದು ಹೋದರು. ನಾನು ರಾಜಮಾತೆಯ ಗತ್ತಿನಲ್ಲಿ ಹೊದಿಕೆ ಎಳೆದುಕೊಂಡು ಮಗ್ಗುಲು ಬದಲಿಸಿದೆ. ರೆಪ್ಪೆಗೆ ರೆಪ್ಪೆ ಕೂಡಿತ್ತೋ ಇಲ್ಲವೋ, ಫೋನು ಹೊಡೆದುಕೊಂಡಿತು. ಅತ್ತೆ! ವಾರಕ್ಕೊಮ್ಮೆ, ಭಾನುವಾರ ವಾಕಿಂಗ್ ಹೊರಡುವ ಮುಂಚೆ, ಅವರು ಆ್ಯಪ್ ತೆರೆದು ನೋಡುತ್ತಾರೆ.

"ಏನಮ್ಮಾ ಇದು? ಒಂದೇ ಸಲಕ್ಕೆ ಇಪ್ಪತ್ತು ಕೆಜಿ ಏರಿದ್ದೀಯ ಅಂತ ಕೆಂಪು ಅಕ್ಷರದಲ್ಲಿ ಬಂದಿದೆ! ಕಾಲು ಊದಿದೆಯಾ? ಬೆರಳಲ್ಲಿ ಒತ್ತಿ ನೋಡು. ವಿಶೇಷ ಏನಾದ್ರೂ ಇದೆಯಾ ಅಂತ ಕೇಳೋಣ ಅಂದ್ರೆ, ಎಂಥಾ ವಿಶೇಷವಾದ್ರೂ ಒಂದೇ ರಾತ್ರೀಲಿ ಇಷ್ಟಾಗಲ್ಲ!"

ಅವರ ದನಿಯಲ್ಲಿ ನಿಜವಾದ ಗಾಬರಿ. ನನಗೂ ಮನಸ್ಸು ಕರಗಿ ನಿಜ ಹೇಳಿಬಿಟ್ಟೆ. "ಏನಿಲ್ಲ ಅತ್ತೆ, ಗುಂಡನ್ನ ಎತ್ಕೊಂಡು ತೂಕ ನೋಡಿದ್ದು."

"ಅಯ್ಯೋ, ಅಷ್ಟೇನಾ! ಎದೆ ಧಸಕ್ಕೆಂದಿತ್ತು." ಕೂಡಲೇ ಲೆಕ್ಕಕ್ಕಿಳಿದರು. "ಅಲ್ವೇ, ಗುಂಡ ಹತ್ತೂವರೆ ದಾಟ್ತಿಲ್ಲ ಅಂತ ಮೊನ್ನೆ ತಾನೇ ನೀನು ಅತ್ತಿದ್ದು?"

ಅತ್ತಿದ್ದು ಹೌದು. ಅತ್ತೆಯ ಹತ್ತಿರ, ಡಾಕ್ಟರ ಹತ್ತಿರ, ಲಿಫ್ಟಿನಲ್ಲಿ ಸಿಕ್ಕವರ ಹತ್ತಿರವೂ ಅತ್ತಿದ್ದೆ.

"ಮಿಕ್ಕ ಒಂಬತ್ತೂವರೆ ಯಾರದು?"

ಇವರು ಗುಂಡನನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಕಿವಿ ನೆಟ್ಟಗಾಗಿತ್ತು.

"ಅದು... ಗಾಡೀದು ಅತ್ತೆ!"

"ಗಾಡೀನೂ ಎತ್ಕೊಂಡಿದ್ಯಾ?" ಅತ್ತ ಅವರು, ಇತ್ತ ಇವರು, ಒಟ್ಟಿಗೆ ಕೇಳಿದರು. ತಾಯಿ ಮಗ ಬೇರೆ ಯಾವ ವಿಷಯಕ್ಕೂ ಹೀಗೆ ಒಮ್ಮತಕ್ಕೆ ಬಂದದ್ದಿಲ್ಲ.

"ನಂದೇ ಅತ್ತೆ!" ಎದ್ದು ಕೂತು ಕಿರುಚಿದೆ. "ನಂದೇ ಒಂಬತ್ತೂವರೆ! ನಿಮ್ಮ ಮೊಮ್ಮಗ ಬಿಟ್ಟ ಅರ್ಧ ತಟ್ಟೆ ಊಟ ದಿನಾ ಯಾರ ಹೊಟ್ಟೆಗೆ ಹೋಗುತ್ತೆ ಅಂದ್ಕೊಂಡಿದ್ದೀರಿ?"

"ಅದಕ್ಯಾಕೆ ಕೂಗ್ತೀಯೇ," ಅತ್ತೆ ಶಾಂತವಾಗಿ ಅಂದರು. "ಮದುವೆಯ ದಿನವೇ ನೀನು ಐವತ್ತೆರಡು ಇರಲಿಲ್ಲ ಅಂತ ನಂಗೊತ್ತಿತ್ತು. ಹೇಳಿದ್ರೆ ನೊಂದ್ಕೋತೀಯ ಅಂತ ಸುಮ್ನಿದ್ದೆ. ನೋಡು, ಗಾಡಿ ತಳ್ಕೊಂಡು ಓಡೋದೆಲ್ಲ ಬೇಡ. ನಾಳೆಯಿಂದ ಐದಕ್ಕೆ ನಾನೇ ಬರ್ತೀನಿ. ಗುಂಡನ್ನ ನಾನು ತಳ್ತೀನಿ, ನೀನು ಬರಿಗೈಲಿ ಓಡು. ಭಾನುವಾರವೂ ಅಷ್ಟೇ, ಒಂದು ದಿನ ತಪ್ಪಿಸಿದ್ರೂ ಮೈ ಸೋಮಾರಿ ಆಗುತ್ತೆ."

ಇದನ್ನು ಬರೆಯುವ ಹೊತ್ತಿಗೆ ತಿಂಗಳಾಯಿತು. ದಿನಾ ಐದಕ್ಕೆ ಅತ್ತೆ, ಗುಂಡ ಮತ್ತು ನಾನು ಪಾರ್ಕಿಗೆ ಹೊರಡುತ್ತೇವೆ. ಮನೆಯಲ್ಲಿ ಮಗುವಿನ ಸದ್ದಿಲ್ಲ, ಹೆಂಡತಿಯ ಸದ್ದಿಲ್ಲ. ಇವರು ದಿನಾ ಅಲಾರಂ ಹೊಡೆಯುವವರೆಗೂ ಮಲಗುತ್ತಾರೆ, ಭಾನುವಾರವಂತೂ ಒಂಬತ್ತೂವರೆಯವರೆಗೆ. ಮಲಗಿದ್ದರೂ ಕ್ಯಾಲೊರಿ ಕರಗುತ್ತದಂತೆ, ಗಡಿಯಾರ ಅದನ್ನೂ ಲೆಕ್ಕ ಹಾಕುತ್ತದೆ. ಅದರಲ್ಲೂ ಇವರದೇ ಹೆಚ್ಚು. ತೂಕ ಜಾಸ್ತಿ ನೋಡಿ.