ಬುದ್ಧಿ ಎರಡು, ತಪ್ಪಿಸಿಕೊಳ್ಳುವುದು ಒಂಬತ್ತು

ನಮ್ಮ ಸ್ಟಾಫ್ ರೂಮಿನಲ್ಲಿ ಚಾಕ್‌ಪೀಸು ಮುಗಿಯುತ್ತದೆ, ಸಂಶಯ ಮುಗಿಯುವುದಿಲ್ಲ. ಡಬ್ಬಿಯಲ್ಲಿ ಒಂದು ಶೇಂಗಾ ಹೋಳಿಗೆ ಕಡಿಮೆಯಾದರೂ ಒಬ್ಬರ ಬಾಯಿ ಇನ್ನೊಬ್ಬರು ನೋಡುತ್ತೇವೆ. ಇಂಥ ಜಾಗಕ್ಕೆ ನಾನಾಗಿಯೇ ಒಂದು ಆಟ ತಂದೆ.

ಕಲಬುರಗಿಯಲ್ಲಿ ಓದುವ ಮಗಳು ರಜೆಯಲ್ಲಿ ಕಲಿಸಿದ ಆಟ. ಪ್ರತಿಯೊಬ್ಬರೂ ಹಾಳೆಯ ಮೇಲೆ ಒಂದು ಪಾತ್ರ ಕಟ್ಟಬೇಕು. ಕೈಯಲ್ಲಿ ಇಪ್ಪತ್ತು ಅಂಕ. ಬುದ್ಧಿಗೆ ಇಷ್ಟು, ಈಜುವುದು, ಗೋಡೆ ಹತ್ತುವುದು ಮುಂತಾದ ಕೌಶಲಗಳಿಗೆ ಇಷ್ಟು ಅಂತ ಹಂಚಬೇಕು. ನಾನು ಕಥೆ ಹೇಳುತ್ತೇನೆ. ಕಷ್ಟ ಬಂದಾಗ ಅವರು ದಾಳ ಉರುಳಿಸುತ್ತಾರೆ. ದಾಳದ ಅಂಕಕ್ಕೆ ಹಾಳೆಯ ಅಂಕ ಸೇರಿ ನಾನು ಹೇಳಿದ ಸಂಖ್ಯೆ ದಾಟಿದರೆ ಗೆದ್ದರು. ಊಟದ ಬಿಡುವಿನಲ್ಲಿ ಅರ್ಧ ತಾಸು, ಬಾಗಿಲು ಮುಂದಕ್ಕೆ ಎಳೆದುಕೊಂಡು ಆಡುತ್ತಿದ್ದೆವು. ಹೆಡ್‌ಮಾಸ್ತರರ ಕಣ್ಣಿಗೆ ದಾಳ ಬಿದ್ದರೆ ಜೂಜು ಅಂತಲೇ ತಿಳಿಯುವವರು.

೧. ಎಲ್ಲರೂ ಶ್ಯಾಣ್ಯಾರು

ಮೊದಲ ದಿನ ಗಣಿತದ ಮೇಡಂ ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಕೈ ಅಡ್ಡ ಇಟ್ಟು ಬರೆದರು. ಇಣುಕಿದೆ. ಬುದ್ಧಿ ಹದಿನೈದು.

"ಜರಾ ಈಜಿಗೂ ಇಡ್ರಿ" ಅಂದೆ.

"ಈ ಹಾಳಿ ನಾಳೆ ಹುಡುಗೂರ ಕೈಗೆ ಸಿಕ್ಕರ? ಗಣಿತದ ಟೀಚರ್‌ಗೆ ಬುದ್ಧಿ ಐದು ಅಂತ ಊರೆಲ್ಲ ಸಾರ್ತಾವ!"

ಪಿ.ಟಿ. ಸರ್ ಹದಿನೆಂಟು ಬರೆದಿದ್ದರು. "ನೀವಾದ್ರೂ ಓಟಕ್ಕ ಹೆಚ್ಚು ಇಡಬಾರದಾ ಸರ್?"

"ನಾ ಬುದ್ಧಿ ಐದು ಬರೆದ್ರ ನೀವ್ಯಾರೂ ನಗಂಗಿಲ್ರಿ. ಹೌದು ಅಂತೀರಿ. ಅದಕ್ಕ ಅಂಜಿಕಿ."

ಕಥೆಯಲ್ಲಿ ಭೀಮಾ ನದಿ ತುಂಬಿತ್ತು, ದೋಣಿ ಆಚೆ ದಂಡೆಯಲ್ಲಿತ್ತು. ಇಬ್ಬರೂ ಸಲ ಸಲಕ್ಕೂ ಬುದ್ಧಿಯ ಮೇಲೆ ದಾಳ ಹಾಕಿದರು, ಸಲ ಸಲಕ್ಕೂ ಗೆದ್ದರು. ಗೆದ್ದಾಗಲೆಲ್ಲ ನೀರು ಆಳ ಇದೆ ಅಂತ ಖಚಿತವಾಗಿ ಗೊತ್ತಾಗುತ್ತಿತ್ತು, ಅಷ್ಟೇ.

ಚಹಾದ ಲೋಟ ಒಯ್ಯಲು ಬಂದಿದ್ದ ಬಿಸಿಯೂಟದ ಅಡುಗೆಯಕ್ಕ ನಿಂತು ನೋಡಿದಳು. "ಇಷ್ಟು ಶ್ಯಾಣ್ಯಾರು ಇದ್ದಲ್ಲಿ ಯಾರೂ ದಾಟಂಗಿಲ್ಲ ಬಿಡ್ರಿ. ನಂಗೊಂದು ಹಾಳಿ ಕೊಡ್ರಿ."

೨. ದೇವಿ ಊರಿನ ದಾಳ

ಅಡುಗೆಯವರು ಸ್ಟಾಫ್ ರೂಮಿನಲ್ಲಿ ಕೂಡಬಾರದು ಅಂತ ಹೆಡ್‌ಮಾಸ್ತರರ ಹುಕುಂ ಇತ್ತು. ಇನ್ನೊಮ್ಮೆ ಕಂಡರೆ ಕೆಲಸದಿಂದ ಬಿಡಿಸುತ್ತೇನೆ ಅಂತ ಅಕ್ಕನಿಗೆ ಹೇಳಿಯೂ ಇದ್ದರು. ಆದರೂ ಕೂತಳು. ಬುದ್ಧಿ ಎರಡು, ಗೋಡೆ ಹತ್ತುವುದು ನಾಲ್ಕು, ಈಜು ಐದು, ತಪ್ಪಿಸಿಕೊಳ್ಳುವುದು ಒಂಬತ್ತು.

"ಬುದ್ಧಿ ಅಷ್ಟ ಸಾಕಾ?" ಅಂದೆ.

"ನೀವ್ ಇದ್ದೀರಲ್ರಿ. ಬೇಕಾದಾಗ ಕೇಳ್ತೇನಿ."

ಕೇಳಲೇ ಇಲ್ಲ. ಈಜಿ ದೋಣಿ ತಂದಳು, ಕೋಟೆ ಹತ್ತಿದಳು, ಕಾವಲುಗಾರರ ಕೈಗೆ ಸಿಗದೆ ಬಂದಳು. ಗಣಿತದ ಮೇಡಂ ಅವಳ ಅಂಕ ಮೂರು ಸಲ ಕೂಡಿಸಿದರು. ಬರೋಬ್ಬರಿ ಇಪ್ಪತ್ತು. ಸಂಶಯ ಅಲ್ಲಿಂದ ದಾಳಕ್ಕೆ ಹೋಯಿತು. ನೀರಿನ ಲೋಟಕ್ಕೆ ಹಾಕಿ, ಒಂದೇ ಕಡೆ ವಾಲುತ್ತದೋ ಅಂತ ನೋಡಿದರು. ಸಮಾಧಾನ ಆಗದೆ ಅಮಾವಾಸ್ಯೆಗೆ ಘತ್ತರಗಿಯ ದೇವಿ ದರ್ಶನಕ್ಕೆ ಹೋದಾಗ ಹೊಸದೊಂದು ಕೊಂಡು ತಂದರು. "ದೇವಿ ಊರಿಂದು. ಇದು ಮೋಸ ಮಾಡಂಗಿಲ್ಲ."

ಅಕ್ಕನಿಗೆ ಮೂರು ಸಲ ಆರು ಬಿತ್ತು. ದಾಳವನ್ನು ಸೆರಗಿನಿಂದ ಒರೆಸಿ ಮೇಡಂ ಕೈಗೆ ಕೊಟ್ಟಳು. "ಛಲೋ ಅದ ರೀ. ದಿನಾ ಇದನ್ನ ತರ್ರಿ."

೩. ಹೆಸರಿಲ್ಲದ ಹಾಳೆ

ಒಂದು ದಿನ ಗಂಟೆ ಬಾರಿಸಿದ ಗಡಿಬಿಡಿಯಲ್ಲಿ ಅಕ್ಕನ ಹಾಳೆ ಮೇಜಿನ ಮೇಲೆಯೇ ಉಳಿಯಿತು. ಸಿಕ್ಕಿದ್ದು ಹೆಡ್‌ಮಾಸ್ತರರಿಗೆ. ಸಂಜೆ ನಮ್ಮ ಮೂವರನ್ನೂ ಕರೆಸಿದರು.

"ಯಾರ ಬಗ್ಗೆ ಬರೆದದ್ದು ಇದು?"

ಅಕ್ಕನ ಹೆಸರು ಹೇಳಿದರೆ ಅವಳ ಕೆಲಸ ಹೋಗುತ್ತದೆ. ಹದಿನೈದು, ಹದಿನೆಂಟು ಬುದ್ಧಿಯವರಿಬ್ಬರೂ ನೆಲ ನೋಡಿದರು.

"ನಂಗ ತಿಳೀತದ" ಅಂದರು ಹೆಡ್‌ಮಾಸ್ತರ್. "ಗೋಡೆ ಹತ್ತೋದು ನಾಕು. ಅಂದ್ರ ನನ್ನ ಮೊಣಕಾಲು ನೋವಿನ ಅಣಕು. ತಪ್ಪಿಸಿಕೊಳ್ಳೋದು ಒಂಬತ್ತು. ಪಾಲಕರ ಸಭೆ ದಿನ ನಾ ಅಫಜಲಪುರಕ್ಕ ಹೋಗಿದ್ದೆನಲ್ಲ, ಅದು! ಈಜು ಐದು ಯಾಕಂತ ಮಾತ್ರ ತಿಳೀವಲ್ದು."

ಬೇರೆ ದಾರಿ ಕಾಣಲಿಲ್ಲ. "ಹೌದ್ರಿ ಸರ್, ನಿಮ್ಮದ. ಒಂದು ಆಟದಾಗಿನ ಪಾತ್ರ. ನೀವೂ ಆಡಬೇಕಂತ ಬರೆದಿಟ್ಟಿದ್ದೆ."

ಮೆಮೋ ಬರುತ್ತದೆ ಅಂತ ಕಾದೆ. ಅವರು ಹಾಳೆಯನ್ನೇ ದಿಟ್ಟಿಸುತ್ತಿದ್ದರು.

"ಬುದ್ಧಿ ಬರೇ ಎರಡ?"

"ಹೆಚ್ಚು ಮಾಡಬಹುದ್ರಿ. ಆದ್ರ ಒಟ್ಟು ಇಪ್ಪತ್ತ ಇರಬೇಕು. ತಪ್ಪಿಸಿಕೊಳ್ಳೋದ್ರಾಗಿಂದ ಐದು ತಗದು ಬುದ್ಧಿಗೆ ಹಾಕ್ಲೇನ್ರಿ?"

"ಹಾಕ್ರಿ, ಹಾಕ್ರಿ."

ಪೆನ್ನು ತೆಗೆದೆ. ಅಷ್ಟರಲ್ಲಿ ಗೇಟಿನಲ್ಲಿ ಮೋಟರ್‌ಸೈಕಲ್ ನಿಂತ ಸದ್ದು. ಶೌಚಾಲಯದ ಬಾಗಿಲು ಯಾವಾಗ ಹಾಕಿಸ್ತೀರಿ ಅಂತ ಒಂದು ತಿಂಗಳಿಂದ ಹೆಡ್‌ಮಾಸ್ತರರನ್ನು ಹುಡುಕುತ್ತಿದ್ದ ಶಾಲಾ ಸಮಿತಿಯ ಅಧ್ಯಕ್ಷರು.

ಹೆಡ್‌ಮಾಸ್ತರ್ ನನ್ನ ಕೈ ಮುಂದಿನ ಹಾಳೆ ಕಿತ್ತುಕೊಂಡರು. "ಬ್ಯಾಡ, ಬ್ಯಾಡ! ಒಂಬತ್ತು ಹಂಗ ಇರ್ಲಿ. ಬುದ್ಧಿ ಎರಡರಾಗ ಇಷ್ಟು ವರ್ಷ ನಡದದ."

ಬ್ಯಾಗು ಕಂಕುಳಲ್ಲಿ ಇಟ್ಟುಕೊಂಡು ಅಡುಗೆಮನೆಯ ಹಿಂಬಾಗಿಲಿನಿಂದ ಹೊರಟೇಬಿಟ್ಟರು.

ಅಲ್ಲೇ ಕಿವಿಗೊಟ್ಟು ಕೂತಿದ್ದ ಅಕ್ಕ ಸ್ವಲ್ಪ ಹೊತ್ತಿಗೆ ಬಂದು ಬಾಗಿಲಲ್ಲಿ ನಿಂತಳು.

"ಮೊಣಕಾಲು ನೋವು ಅಂತಿದ್ರು, ಕಂಪೌಂಡ್ ಗ್ವಾಡಿ ಜಿಗಿದು ಹೋದ್ರು" ಅಂದಳು ನನಗೆ. "ಮೇಡಂ, ನಾಕು ಭಾಳ ಕಡಿಮಿ ಆತ್ರಿ."